ಆರೂವರೆ ಹಗ್ಗ, ನಾಲ್ಕೂವರೆ ಹಗ್ಗ

"ಲೇ ಸುಂಕಿ, ಚುಕ್ಕಿ ಇಡು ಅಂದ್ರ ಗ್ವಾಡಿಗಿ ಕುಳ್ಳು ಬಡದಂಗ ಬಡೀತೀಯಲ್ಲಲೇ! ಸಣ್ಣಗ ಇಡು. ಹಣಿ ಮ್ಯಾಗ ಇಟ್ಕೊಳ್ಳೋದು ಬಿಟ್ಟ ಮ್ಯಾಲ ಕೈಗೆ ಅದೂ ಮರ್ತು ಹೋತೇನು?"

ಚನ್ನಬಸವರಾಜ ಧಣಿ ಶಾಲೆಯ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಸುಂಕಮ್ಮ ಕರಿಹಲಗೆಯ ಮುಂದೆ ನಿಂತಿದ್ದಳು. ಅವಳ ಕಾಲಿನ ಮೇಲೆ ಗದ್ದೆಯ ಕೆಸರು ಒಣಗಿ ಬಿರಿದಿತ್ತು. ಬೆಳಿಗ್ಗೆಯಿಂದ ಭತ್ತದ ಸಸಿ ಹಚ್ಚಿ ಸುಕ್ಕುಗಟ್ಟಿದ ಬೆರಳುಗಳಲ್ಲಿ ಸೀಮೆಸುಣ್ಣ ನಿಲ್ಲದೆ ಜಾರುತ್ತಿತ್ತು. ಅವಳ ಗಂಡ ಎರ್ರಣ್ಣ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ.

ನಾವು ಕೇರಿಯ ಹೆಂಗಸರು ನೆಲದ ಮೇಲೆ ಕೂತಿದ್ದೆವು. ಧಣಿ ತನ್ನ ಮಾತಿಗೆ ತಾನೇ ನಕ್ಕ. ವೀರೇಶ್ ಮಾಸ್ತರರು ಅರ್ಧ ನಕ್ಕರು, ಸರ್ಕಾರಿ ನೌಕರರು ನಗಬೇಕಾದಷ್ಟು.

ನಮ್ಮೂರು ಸಂಪೂರ್ಣ ಸಾಕ್ಷರ ಗ್ರಾಮ ಆಗಲಿತ್ತು. ಯಾವ ದಿನ ಆಗಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು, ಶಾಮಿಯಾನಕ್ಕೂ ಹೇಳಿಯಾಗಿತ್ತು. ಓದು ಬರಹ ಕಲಿಯುವುದೊಂದು ಬಾಕಿ ಇತ್ತು. ಬಳ್ಳಾರಿಯಿಂದ ದೊಡ್ಡ ಸಾಹೇಬರು ಬರುತ್ತಾರೆ, ಕೇರಿಯ ಹೆಂಗಸೊಬ್ಬಳು ಅವರ ಕಣ್ಣೆದುರು ಹಲಗೆಯ ಮೇಲೆ ಲೆಕ್ಕ ಮಾಡುತ್ತಾಳೆ, ಫೋಟೋ ಹಿಡಿಯುತ್ತಾರೆ. ಹೆಬ್ಬೆಟ್ಟು ಒತ್ತುವವರು ಹೆಸರು ಬರೆದು ತೋರಿಸುವುದು ಹಳೆಯದಾಯಿತು, ಅದನ್ನು ಪಕ್ಕದ ಪಂಚಾಯಿತಿಯವರು ಮಾಡಿ ಮುಗಿಸಿದ್ದಾರೆ, ನಮಗೆ ದಶಮಾಂಶವೇ ಬೇಕು ಎಂದು ಧಣಿ ತೀರ್ಮಾನಿಸಿದ್ದ. ಪಂಚಾಯಿತಿ ಅಧ್ಯಕ್ಷೆ ಅವನ ಹೆಂಡತಿ ಅರುಣಾ. ತೀರ್ಮಾನ ಅವನದು, ಸಹಿ ಅವಳದು.

ಇಡೀ ಊರಿನ ಸಾಕ್ಷರತೆಗೆ ಒಂದೇ ಲೆಕ್ಕವನ್ನು ಆರಿಸಿದ್ದರು: ಎರಡೂವರೆಯನ್ನು ಒಂದೂವರೆಯಿಂದ ಗುಣಿಸುವುದು. 2.5 × 1.5.

"ನೋಡ್ರಮ್ಮ," ಎಂದು ವೀರೇಶ್ ಮಾಸ್ತರರು ಶುರು ಮಾಡಿದರು. "ದಶಮಾಂಶ ಗುಣಾಕಾರ ಕಷ್ಟ ಅಲ್ಲ. ಮೊದ್ಲು ಚುಕ್ಕಿ ಇಲ್ಲ ಅಂತ ತಿಳ್ಕೋಬೇಕು. ಆಮೇಲೆ..."

"ಮಾಸ್ತರ, ಇವ್ರಿಗೆ ಅದೆಲ್ಲ ಯಾಕ?" ಧಣಿ ಕೈ ಬೀಸಿದ. "ಬಾಯಿಪಾಠ ಮಾಡಸ್ರಿ. ಮೂರು, ಏಳು, ಐದು. ಮೂರು ಆದ ಮ್ಯಾಲ ಚುಕ್ಕಿ. ಪೂಜಾರಿ ಮಂತ್ರ ಹೇಳ್ದಂಗ ಹೇಳ್ಲಿ, ಸಾಕು. ಅವ್ನಿಗೇನು ಅರ್ಥ ಗೊತ್ತಿರ್ತೈತಾ? ಆದ್ರೂ ದೇವ್ರು ತಗಂತಾನಿಲ್ಲ?"

"ಮೂರು ಆದ ಮ್ಯಾಲ ಅಂದ್ರ ಯಾವ ಕಡೀ ಧಣೇರ?" ಎಂದು ದೊಡ್ಡಬಸಮ್ಮ ಕೇಳಿದಳು. ನಮ್ಮ ಗುಂಪಿಗೆಲ್ಲ ಹಿರಿಯಳು, ನಾಲಿಗೆಯಲ್ಲೂ ಹಿರಿಯಳು. "ನಾವು ನಾಟಿ ಹಚ್ಚೋರು, ಹಿಂದಕ್ಕ ಹಿಂದಕ್ಕ ನಡಿಯೋರು. ನಮ್ಗ ಮುಂದ ಯಾವ್ದು, ಹಿಂದ ಯಾವ್ದು?"

"ಮುದುಕಿ, ಫೋಟೋ ಹಿಡಿಯೋ ಹೊತ್ನ್ಯಾಗ ನೀನು ಬಾಯಿ ತೆರದ್ರ ಆ ಬಾಯಾಗ ಡಸ್ಟರ್ ತುರುಕ್ತೀನಿ."

ಸುಂಕಮ್ಮ ಅಳಿಸಿದಳು, ಮತ್ತೆ ಬರೆದಳು. ಮೂರು. ಚುಕ್ಕಿ. ಏಳು. ಐದು. ಕತ್ತಲಾಗುವವರೆಗೂ ಅದನ್ನೇ ಬರೆಸಿದರು.

*

ಶಾಲೆಯಿಂದ ಕೇರಿಗೆ ಹೋಗುವ ದಾರಿಯಲ್ಲಿ ನಮ್ಮ ಸುಡುಗಾಡು. ಬಾಗಿಲಲ್ಲಿ ಪಂಚಾಯಿತಿಯವರು ಬರೆಸಿದ ಹಳದಿ ಬೋರ್ಡು: ರುದ್ರಭೂಮಿ, ವಿಸ್ತೀರ್ಣ 0.50 ಎಕರೆ. ಎರಡು ಸೊನ್ನೆಗಳ ನಡುವೆ ಒಂದು ಐದು. ಅರ್ಧ ಎಕರೆ ಎಂದರೆ ಐವತ್ತು ಸೆಂಟು, ಇದು ನಮಗೆ ಯಾರೂ ಕಲಿಸಬೇಕಾದದ್ದಲ್ಲ. ನಮ್ಮ ಸೀಮೆಯಲ್ಲಿ ಮಗು ಮಾತು ಕಲಿಯುವಾಗಲೇ ಸೆಂಟು ಕಲಿಯುತ್ತದೆ.

ಪಕ್ಕದಲ್ಲಿ ಧಣಿಯ ಭತ್ತದ ಗೋದಾಮು. ಅದರ ಮುಂದೆ ಕಣ. ಕಣ ಎಂದರೆ ಸಗಣಿ ಸಾರಿಸಿದ ಹಳೆಯ ಕಣವಲ್ಲ, ಭತ್ತ ಒಣಗಿಸಲು ಹಾಕಿದ ಕಾಂಕ್ರೀಟ್ ನೆಲ. ಅದು ಪ್ರತಿ ಸುಗ್ಗಿಗೂ ಸ್ವಲ್ಪ ಸ್ವಲ್ಪ ಬೆಳೆಯುತ್ತ ಬಂದಿತ್ತು. ನಮ್ಮ ಹಿರಿಯರು ಕೆಲವರು ಆಗಲೇ ಅದರ ಕೆಳಗಿದ್ದರು. ಅವರ ಮೇಲೆ ಭತ್ತ ಒಣಗುತ್ತಿತ್ತು, ಅಕ್ಕಿಯಾಗಿ ಬೆಂಗಳೂರಿಗೆ ಹೋಗುತ್ತಿತ್ತು.

ಆ ಸಂಜೆ ಅಲ್ಲಿ ಹೊಸದೊಂದು ಸುಣ್ಣದ ಗೆರೆ ಬಿದ್ದಿತ್ತು. ಕಣದ ಅಂಚಿನಿಂದ ಒಂದು ಹಗ್ಗದಷ್ಟು ದೂರಕ್ಕೆ, ಸುಡುಗಾಡಿನ ಉದ್ದಕ್ಕೂ. ಬೆಳ್ಳಗೆ, ನೆಟ್ಟಗೆ. ಎರ್ರಣ್ಣನ ಗುಂಡಿಯ ಮೇಲೆ ನಾವು ಪೇರಿಸಿದ್ದ ಕಲ್ಲುಗಳು ಪೂರ್ತಿ ಗೆರೆಯ ಆಚೆ, ಧಣಿಯ ಪಾಲಿಗೆ ಬಿದ್ದಿದ್ದವು.

ಸುಣ್ಣದ ಬುಟ್ಟಿ ಹಿಡಿದು ನಿಂತಿದ್ದವನು ಗಾದಿಲಿಂಗ. ಎರ್ರಣ್ಣನ ಒಡಹುಟ್ಟಿದ ತಮ್ಮ. ಗೋದಾಮಿನಲ್ಲಿ ಚೀಲ ಹೊರುತ್ತಾನೆ.

"ನೀನ ಹಾಕಿದ್ಯಾ?" ಎಂದಳು ಸುಂಕಮ್ಮ.

"ಹಾಕು ಅಂದ್ರು, ಹಾಕ್ದೆ, ಅತ್ತಿಗಿ. ಲಾರಿ ತಿರುಗಾಕ ಜಾಗ ಸಾಲವಲ್ದಂತ. ಸೋಮವಾರ ಕಾಂಕ್ರೀಟ್ ಬರ್ತೈತಿ."

"ನಿಮ್ಮಣ್ಣ ಅದಾನಲ್ಲೋ ಇಲ್ಲಿ."

"ಗೊತ್ತೈತಿ." ಅವನು ಬುಟ್ಟಿಯನ್ನು ನೋಡಿದ. "ಅವ್ನ ಕಲ್ಲಿನ ಮ್ಯಾಲ ಬೀಳದಂಗ ಹಾಕೀನಿ ನೋಡು."

ಸುಂಕಮ್ಮ ಅಲ್ಲಿಂದಲೇ ಗೋದಾಮಿಗೆ ನಡೆದಳು. ನಾವು ಹಿಂದೆ ಹೋದೆವು. ಧಣಿ ಶಾಲೆಯಿಂದ ನಮಗಿಂತ ಮೊದಲೇ ಬಂದು, ಸಿರುಗುಪ್ಪದ ಇಬ್ಬರು ಮಿಲ್ಲಿನವರ ಜೊತೆ ಚಹಾ ಕುಡಿಯುತ್ತಿದ್ದ.

"ಧಣೇರ, ಗೆರಿ ನಮ್ಮ ಮನ್ಷ್ಯಾನ್ನ ದಾಟಿ ಬಂದೈತಿ. ಒಂದೀಟು ಹಿಂದಕ್ಕ ತಗೋರಿ. ನಿಮ್ಮ ಕಾಲು ಹಿಡಕಂತೀನಿ."

"ಕಾಲು ಬಿಡು, ಈಗಷ್ಟ ಬೂಟು ಒರಸಿಸೀನಿ. ನಿಮ್ಮ ಅರ್ಧ ಎಕರೆ ಎಲ್ಲಿ ಹೋಗೈತಿ? ಬೋರ್ಡಿನ್ಯಾಗ ಬರದಿಲ್ಲ?"

"ಬೋರ್ಡಿನ್ಯಾಗ ಐತ್ರಿ. ನೆಲದಾಗ ಇಲ್ಲ."

"ಹಂಗಾರ ಅಳೀರಿ." ಅವನು ಮಿಲ್ಲಿನವರ ಕಡೆ ತಿರುಗಿ ಕಣ್ಣು ಹೊಡೆದ. "ಉದ್ದ ಅಳೀರಿ, ಅಗಲ ಅಳೀರಿ, ಗುಣಿಸ್ರಿ. ನೀವು ಈಗ ಸಾಕ್ಷರಾಗೀರಲ್ಲ! ಕಮ್ಮಿ ಬಂದ್ರ ಬಂದು ಹೇಳ್ರಿ, ಕಣ ಒಡದು ಕೊಡ್ತೀನಿ. ಮಾತಂದ್ರ ಮಾತು."

ಮಿಲ್ಲಿನವರಿಬ್ಬರೂ ನಕ್ಕರು. ಒಬ್ಬನಿಗೆ ಚಹಾ ನೆತ್ತಿಗೇರಿತು.

*

ನಮ್ಮ ಹತ್ತಿರ ಒಂದು ಹಗ್ಗ ಇದೆ. ಹದಿನಾಲ್ಕು ಮೊಳ. ಅದರಷ್ಟು ಉದ್ದ, ಅದರಷ್ಟೇ ಅಗಲದ ಗದ್ದೆ ಎಂದರೆ ಹೆಚ್ಚು ಕಡಿಮೆ ಒಂದು ಸೆಂಟು. ನಾಟಿ ಹಿಡಿಯುವ ಮೊದಲು ಎಷ್ಟು ಬಗ್ಗಬೇಕಾದೀತು ಎಂದು ನಾವು ಹಗ್ಗ ಎಳೆದು ನೋಡಿಕೊಳ್ಳುತ್ತೇವೆ. ಮೊಳ ದೊಡ್ಡಬಸಮ್ಮನದು. ವಯಸ್ಸಾದಂತೆ ಅವಳು ಕುಗ್ಗಿದರೂ ಮೊಳ ಕುಗ್ಗಿಲ್ಲ ಎಂಬುದು ಅವಳ ವಾದ.

ಮರುದಿನ ಗದ್ದೆಗೆ ಹೋಗುವ ಮೊದಲು ಸುಡುಗಾಡಿನಲ್ಲಿ ಹಗ್ಗ ಎಳೆದೆವು. ಹೊಸ ಗೆರೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಕಣದ ಅಂಚಿನವರೆಗೂ ನಮ್ಮದೇ ಎಂದು ಎಳೆದೆವು. ಉದ್ದ ಆರು ಹಗ್ಗ ಆಗಿ ಸ್ವಲ್ಪ ಉಳಿಯಿತು. ಹಗ್ಗ ಮಡಚಿ ಇಟ್ಟರೆ ಸರಿಯಾಗಿ ಕೂತಿತು. ಆರೂವರೆ. ಅಗಲ ನಾಲ್ಕು ಹಗ್ಗ, ಮತ್ತೆ ಮಡಚಿದ್ದು ಒಂದು. ನಾಲ್ಕೂವರೆ.

"ಅರ್ಧ ಅಂದ್ರ ಪಾಯಿಂಟ್ ಐದು," ಎಂದಳು ಅನಿತಾ. ನಮ್ಮಲ್ಲಿ ಮಗ್ಗಿ ಬರುತ್ತಿದ್ದದ್ದು ಅವಳೊಬ್ಬಳಿಗೇ. ಹತ್ತನೇ ತರಗತಿಯ ಗಣಿತದಲ್ಲಿ ಫೇಲಾಗಿ ನಾಟಿಗೆ ಬಂದವಳು. ಕಡ್ಡಿಯಿಂದ ಮಣ್ಣಿನ ಮೇಲೆ ಬರೆದಳು: 6.5 × 4.5.

"ಈಗ ಗುಣಿಸು."

"ಚುಕ್ಕಿ ಐತಲ್ಲ ನಡುವ..."

"ಚುಕ್ಕಿ ಅಂದ್ರ ಬದು ಇದ್ದಂಗ," ಎಂದಳು ದೊಡ್ಡಬಸಮ್ಮ. "ಎಡಗಡೀದು ಎಡಗಡಿಗಿ, ಬಲಗಡೀದು ಬಲಗಡಿಗಿ. ಯಾರ್ಯಾರ್ದು ಅವ್ರವ್ರ ಹೊಲದಾಗ. ಬದು ದಾಟಿ ಯಾಕ ಹೋಗ್ಬೇಕು?"

ಅದು ನಮಗೆಲ್ಲ ಬಹಳ ನ್ಯಾಯವಾಗಿ ಕಂಡಿತು. ಆರು ನಾಲ್ಕಲೆ ಇಪ್ಪತ್ತನಾಲ್ಕು. ಐದೈದಲೆ ಇಪ್ಪತ್ತೈದು. ನಡುವೆ ಚುಕ್ಕಿ. 24.25. ಇಪ್ಪತ್ತನಾಲ್ಕೂಕಾಲು ಸೆಂಟು. ಐವತ್ತರಲ್ಲಿ ಅರ್ಧವೂ ಇಲ್ಲ! ನಾವು ಹಗ್ಗ ಸುತ್ತಿಕೊಂಡು ಧಣಿಯ ಮನೆಗೇ ಹೋದೆವು. ಜೀವನದಲ್ಲಿ ಮೊದಲ ಸಲ ನಮ್ಮ ಹತ್ತಿರ ಒಂದು ಉತ್ತರ ಇತ್ತು.

ಧಣಿ ಹಲ್ಲುಜ್ಜುತ್ತಿದ್ದ. ಹಗ್ಗದ ಅಳತೆ, ಉತ್ತರ ಎರಡೂ ಹೇಳಿದೆವು. ನೊರೆ ಉಗುಳಿ, ಮೊಬೈಲ್ ತೆಗೆದು ಬೆರಳಾಡಿಸಿದ. ಅವನ ಮುಖ ಅರಳಿತು.

"ಎಷ್ಟಂದಿ? ಇಪ್ಪತ್ತನಾಲ್ಕೂಕಾಲು?" ಅವನು ಒಳಗೆ ಕೂಗಿದ. "ಅರುಣಾ, ಬಾ ಇಲ್ಲಿ, ತಮಾಷಿ ನೋಡು ಬಾ! ಲೇ ಹಲ್ಕಟ್‌ಗುಳಾ, ಐದು ಸೆಂಟು ನುಂಗಿ ಬಂದೀರಲ್ಲಲೇ! ನಿಮ್ಮ ಲೆಕ್ಕದಾಗ ನೀವ ಕಳ್ಳರು. ಗುಣಾಕಾರ ಬರದ ಮುಂಡೇರು ಜಾಗ ಕೇಳಾಕ ಬಂದಾರ, ಜಾಗ!"

ಅರುಣಾ ಬಾಗಿಲಿಗೆ ಬಂದಳು. ನಗಬೇಕೋ ಬೇಡವೋ ಎಂದು ಗಂಡನ ಮುಖ ನೋಡಿ, ಆಮೇಲೆ ನಕ್ಕಳು.

"ಇನ್ನೊಂದು ಸಲ ಇಂಥ ಲೆಕ್ಕ ತಗಂಡು ಬಂದ್ರ ನಾಯಿ ಬಿಡ್ತೀನಿ. ಸುಂಕಿ, ನೀನು ಶನಿವಾರ ಮೂರು ಏಳು ಐದು ಮರೀಬ್ಯಾಡ. ಮರತ್ರ ನಿನ್ನ ಗಂಡನ ಎದಿ ಮ್ಯಾಗ ನಾನ ನಿಂತು ಕಾಂಕ್ರೀಟ್ ಹಾಕಿಸ್ತೀನಿ. ನೆಪ್ಪಿಟ್ಕಂಡು ಬರದ್ರ, ನೋಡೋಣು, ಒಂದೆರಡು ಅಡಿ ಬಿಡ್ತೀನಿ."

ವಾಪಸು ಬರುವಾಗ ಅನಿತಾ ಅಳುತ್ತಿದ್ದಳು. ಅವಳು ಎರಡನೆಯ ಸಲ ಫೇಲಾಗಿದ್ದಳು, ಅದೂ ಧಣಿಯ ಮುಂದೆ. ಕೇರಿ ಹತ್ತಿರವಾದಾಗ ದೊಡ್ಡಬಸಮ್ಮ ನಿಂತಳು.

"ಐದು ಸೆಂಟು ನಾವು ನುಂಗೀವಂತ. ನುಂಗೀವಿ, ಒಪ್ಕಂಡ್ನ್ಯಪ್ಪ. ಕಕ್ಕಿದ್ರೂ ಇಪ್ಪತ್ತೊಂಬತ್ತು ಆಗ್ತೈತಿ. ಉಳಿದದ್ದನ್ನ ಯಾವ ಸೂಳೇಮಗ ನುಂಗಿದ?"

*

ಆ ಐದು ಸೆಂಟು ಎಲ್ಲಿ ಹೋಯಿತೆಂದು ಸುಂಕಮ್ಮನಿಗೆ ತಿಳಿಯಲೇಬೇಕಿತ್ತು. ಅಂದು ನಾವು ಧಣಿಯ ಕಾಲುವೆ ಪಕ್ಕದ ಗದ್ದೆಯಲ್ಲೇ ನಾಟಿ ಹಚ್ಚುತ್ತಿದ್ದೆವು. ಅವಳು ಹಚ್ಚುತ್ತಿದ್ದವಳು ತಟ್ಟನೆ ನೆಟ್ಟಗಾದಳು. ನಾಟಿಯ ಗದ್ದೆಯಲ್ಲಿ ಒಬ್ಬಳು ನೆಟ್ಟಗಾದರೆ ಸಾಲು ಕೆಡುತ್ತದೆ.

"ಬಗ್ಗು, ನಿನ್ನ ಸಾಲು ಹಿಂದ ಬಿತ್ತು," ಎಂದಳು ದೊಡ್ಡಬಸಮ್ಮ.

"ಅತ್ತಿ, ಇಲ್ನೋಡು." ಸುಂಕಮ್ಮ ಹಚ್ಚದೆ ಖಾಲಿ ಇದ್ದ ಕೆಸರಿನಲ್ಲಿ ಬೆರಳಿನಿಂದ ಒಂದು ಚೌಕ ಎಳೆದಳು. "ಇದು ಸುಡುಗಾಡು. ಈ ಕಡಿ ಆರು ಹಗ್ಗ, ಮ್ಯಾಲ ಅರ್ಧ. ಆ ಕಡಿ ನಾಲ್ಕು ಹಗ್ಗ, ಮ್ಯಾಲ ಅರ್ಧ. ಆರು ನಾಲ್ಕಲೆ ಅಂದ್ರ ಈ ದೊಡ್ಡ ತುಂಡು ಹಚ್ಚಿದ್ವಿ." ಅಲ್ಲಿ ಒಂದು ಸಸಿ ನೆಟ್ಟಳು. "ಅರ್ಧ ಅರ್ಧಲೆ ಅಂದ್ರ ಇಲ್ಲಿ, ಮೂಲ್ಯಾಗಿನ ಸಣ್ಣ ತುಂಡು ಹಚ್ಚಿದ್ವಿ." ಅಲ್ಲಿ ಇನ್ನೊಂದು ನೆಟ್ಟಳು. "ಇದೇನು ಮತ್ತ?"

ದೊಡ್ಡ ತುಂಡಿನ ಎರಡು ಮಗ್ಗುಲಲ್ಲಿ ಎರಡು ಉದ್ದನೆಯ ಪಟ್ಟಿಗಳು ಬೋಳಾಗಿ ಉಳಿದಿದ್ದವು.

ನಾವೆಲ್ಲ ಸಸಿಯ ಹಿಡಿ ಕೈಯಲ್ಲೇ ಹಿಡಿದುಕೊಂಡು ಸುತ್ತ ನಿಂತು ನೋಡಿದೆವು. ಇಂಥ ಗದ್ದೆ ಬಿಟ್ಟು ಮನೆಗೆ ಹೋಗಿದ್ದರೆ ಧಣಿ ಜುಟ್ಟು ಹಿಡಿದು ವಾಪಸು ಎಳೆತರುತ್ತಿದ್ದ.

"ಎರಡು ಪಟ್ಟಿ ಹಚ್ಚದ ಬಿಟ್ಟೀವಿ," ಎಂದಳು ಅನಿತಾ. ಕಣ್ಣುಗಳು ದೊಡ್ಡದಾಗಿದ್ದವು. "ಆರು ಹಗ್ಗ ಉದ್ದ, ಅರ್ಧ ಅಗಲ, ಮೂರು ಸೆಂಟು. ನಾಲ್ಕು ಹಗ್ಗ ಉದ್ದ, ಅರ್ಧ ಅಗಲ, ಎರಡು. ಮೂರು ಎರಡು ಐದು! ಯವ್ವಾ, ಐದು!"

"ನಾನು ಬದು ದಾಟಬ್ಯಾಡ ಅಂದಿದ್ದು," ಎಂದಳು ದೊಡ್ಡಬಸಮ್ಮ. "ಬದು ದಾಟಿ ಧಣಿ ನಮ್ಮ ಕಡಿ ಬಂದಾಗ ಗುಣಾಕಾರ ಆತು. ನಾವು ದಾಟಾಕ ಹೆದರಿ ಕಳಕಂಡ್ವಿ."

ಅಷ್ಟರಲ್ಲಿ ವೀರೇಶ್ ಮಾಸ್ತರರ ಸ್ಕೂಟರ್ ಕಾಲುವೆ ದಂಡೆಯ ಮೇಲೆ ಬಂತು. ಅವರು ದಿನವೂ ಬಳ್ಳಾರಿಯ ಪಾರ್ವತಿನಗರದಿಂದ ಬರುತ್ತಾರೆ, ದಿನವೂ ವರ್ಗಾವಣೆಯ ಕನಸು ಕಾಣುತ್ತಾರೆ. ನಾವು ಕೆಸರಿನಲ್ಲೇ ಓಡಿ ಹೋಗಿ ಅಡ್ಡ ನಿಂತೆವು.

"ನಿನ್ನಿ ಅರ್ಧಕ್ಕ ಬಿಟ್ರಲ್ಲ ಮಾಸ್ತರ, ಚುಕ್ಕಿ ಇಲ್ಲ ಅಂತ ತಿಳ್ಕಂಡ ಮ್ಯಾಲ ಏನು ಮಾಡೋದು? ಅದು ಹೇಳಿ ಹೋಗ್ರಿ."

ಮಾಸ್ತರರು ಹಿಂದೆ ನೋಡಿದರು, ಮುಂದೆ ನೋಡಿದರು. ಎಂಜಿನ್ ಆರಿಸಲಿಲ್ಲ. "ಯಾಕ್ರಮ್ಮ? ಧಣಿ ಅಷ್ಟ ಸಾಕು ಅಂದಾರಲ್ಲ."

"ಧಣಿ ಪಾಠ ನಮ್ಗ ಮುಗೀತ್ರಿ. ನಿಮ್ದು ಬಾಕಿ ಐತಿ," ಎಂದಳು ಸುಂಕಮ್ಮ.

ಅವರು ಇಳಿದರು. ಸ್ಕೂಟರಿನ ಧೂಳು ಹಿಡಿದ ಸೀಟಿನ ಮೇಲೆ ಬೆರಳಿನಿಂದ ಬರೆದರು. "ಚುಕ್ಕಿ ಮರೀರಿ. ಅರವತ್ತೈದು, ನಲವತ್ತೈದು. ಮಾಮೂಲಿ ಗುಣಿಸ್ರಿ. ಮೊದ್ಲು ಐದರಿಂದ: ಐದೈದಲೆ ಇಪ್ಪತ್ತೈದು, ಐದು ಇಳಿಸಿ ಎರಡು ಮೇಲಕ್ಕ. ಐದಾರಲೆ ಮೂವತ್ತು, ಎರಡು ಸೇರಿಸಿ ಮೂವತ್ತೆರಡು. ಮುನ್ನೂರಾ ಇಪ್ಪತ್ತೈದು. ಆಮೇಲೆ ನಾಲ್ಕರಿಂದ, ಒಂದು ಮನಿ ಎಡಕ್ಕ ಸರಿಸಿ ಬರೀಬೇಕು: ಇನ್ನೂರಾ ಅರವತ್ತು. ಎರಡೂ ಕೂಡಿಸ್ರಿ. ಎರಡು ಸಾವಿರದ ಒಂಬೈನೂರಾ ಇಪ್ಪತ್ತೈದು."

"ಅಷ್ಟು ಸೆಂಟು ಇದ್ರ ನಾವ ಧಣಿ ಆಗ್ತಿದ್ವಿ," ಎಂದಳು ದೊಡ್ಡಬಸಮ್ಮ.

"ತಡೀರಮ್ಮ. ಈಗ ಚುಕ್ಕಿ ನೆಪ್ಪು ಮಾಡ್ಕೋರಿ. ಮೇಲಿನ ಸಂಖ್ಯೆಗೆ ಚುಕ್ಕಿ ಬಲಕ್ಕ ಎಷ್ಟು ಅಂಕಿ? ಒಂದು. ಕೆಳಗಿಂದಕ್ಕ? ಒಂದು. ಎರಡೂ ಸೇರಿ ಎರಡು. ಉತ್ತರದ ಬಲತುದಿಯಿಂದ ಎರಡು ಅಂಕಿ ಎಣಿಸಿ, ಅಲ್ಲಿ ಚುಕ್ಕಿ ಇಡ್ರಿ. ಇಪ್ಪತ್ತೊಂಬತ್ತು ಪಾಯಿಂಟ್ ಎರಡು ಐದು." ಅವರು ಅಂಗೈಯಿಂದ ಸೀಟು ಒರೆಸಿದರು. "ನಾನು ಹೇಳಿಕೊಟ್ಟೆ ಅಂತ ಎಲ್ಲೂ ಬಾಯಿ ಬಿಡಬ್ಯಾಡ್ರಿ. ನನ್ಗ ಎರಡು ಮಕ್ಕಳದಾರ."

ಕೆಸರಿನಲ್ಲಿ ಹಚ್ಚಿದರೂ ಇಪ್ಪತ್ತೊಂಬತ್ತೂಕಾಲು, ಸೀಟಿನ ಮೇಲೆ ಬರೆದರೂ ಇಪ್ಪತ್ತೊಂಬತ್ತೂಕಾಲು. ಸುಂಕಮ್ಮ ಗದ್ದೆಗಿಳಿದು, ಹಿಂದೆ ಬಿದ್ದಿದ್ದ ತನ್ನ ಸಾಲನ್ನು ಹಚ್ಚಿ ಸರಿಮಾಡಿದಳು.

*

ಶನಿವಾರ ಶಾಮಿಯಾನದ ಕೆಳಗೆ ಸಾಹೇಬರು ಬಹಳ ಹೊತ್ತು ಮಾತಾಡಿದರು. ಜ್ಞಾನದ ಬೆಳಕು, ಅಕ್ಷರದ ಬೆಳಕು, ಹಳ್ಳಿಯ ಬೆಳಕು ಎಂದು ಎಷ್ಟು ಸಲ ಅಂದರೆಂದರೆ ಕೊನೆಗೆ ಕರೆಂಟು ಹೋಯಿತು. ಜನರೇಟರ್ ಹಚ್ಚಿದ ಮೇಲೆ ಉಳಿದ ಬೆಳಕನ್ನೂ ಹೇಳಿ ಮುಗಿಸಿದರು. ನಮಗೆಲ್ಲ ಒಂದೇ ಬಣ್ಣದ ಸೀರೆ ಕೊಟ್ಟು ಕೂರಿಸಿದ್ದರು, ಮುಗಿದ ಮೇಲೆ ವಾಪಸು ಕೊಡಬೇಕೆಂದು ಹೇಳಿ.

ಸುಂಕಮ್ಮನ ಹೆಸರು ಕರೆದರು. ಧಣಿ ತಾನೇ ಸೀಮೆಸುಣ್ಣ ಕೊಟ್ಟು, ಹಲ್ಲು ಕಚ್ಚಿ ಪಿಸುಗುಟ್ಟಿದ: "ಮೂರು ಏಳು ಐದು."

ಅವಳು ಹಲಗೆಯ ಮೇಲೆ ಬರೆದಳು: 6.5 × 4.5.

"ಲೇ, ಅದಲ್ಲ ಲೆಕ್ಕ!" ಧಣಿ ಕುರ್ಚಿಯಿಂದ ಎದ್ದ. "ಗಾಬರಿ ಆಗ್ಯಾಳ ಸಾರ್. ಅಳಿಸ್ಲೇ."

"ಇರಲಿ ಬಿಡಿ, ಬಿಡಿ," ಎಂದರು ಸಾಹೇಬರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಎಷ್ಟೋ ಊರುಗಳಲ್ಲಿ ಬಾಯಿಪಾಠ ಕೇಳಿ ಅವರಿಗೂ ಸಾಕಾಗಿರಬೇಕು. "ಸ್ವಂತ ಲೆಕ್ಕ ಹಾಕ್ತಿದ್ದಾರೆ. ಇದೇ ನೋಡಿ ನಮಗೆ ಬೇಕಾಗಿರೋದು. ಮಾಡಮ್ಮ, ಮಾಡು."

ವೀರೇಶ್ ಮಾಸ್ತರರು ಶಾಮಿಯಾನದ ಕಂಬ ಹಿಡಿದುಕೊಂಡರು.

ಸುಂಕಮ್ಮ ಗೆರೆ ಎಳೆದು ಶುರು ಮಾಡಿದಳು. ಮೊದಲನೆಯ ಸಾಲು, 325. ಎರಡನೆಯ ಸಾಲಿನಲ್ಲಿ ಒಂದು ಮನೆ ಬಿಡುವುದು ಮರೆತಳು, ನಿಂತಳು, ಅಂಗೈಯಿಂದ ಒರೆಸಿ ಸರಿಸಿ ಬರೆದಳು. 260. ಕೂಡಿಸಿದಳು. 2925. ಅಲ್ಲಿಗೆ ನಿಂತಳು.

"ಚುಕ್ಕಿ?" ಎಂದರು ಸಾಹೇಬರು, ಮಗುವನ್ನು ಕೇಳುವ ಹಾಗೆ.

ಸುಂಕಮ್ಮ ಸೀಮೆಸುಣ್ಣವನ್ನು ಧಣಿಯ ಮುಂದೆ ಹಿಡಿದಳು. "ಧಣೇರು ಇಡ್ಲಿ. ಅವ್ರಿಗಿ ಜಾಗ ಗೊತ್ತೈತಿ."

ಧಣಿ ಹಲಗೆಯನ್ನು ನೋಡಿದ, ಅವಳನ್ನು ನೋಡಿದ. ಅವನಿಗೆ ಆಗ ತಿಳಿಯಿತು. ಫೋಟೋದವನು ಹತ್ತಿರ ಬಂದ. "ಸಾರ್, ಸ್ವಲ್ಪ ಈ ಕಡೆ, ಕೈ ಮೇಲೆತ್ತಿ ಸಾರ್." ಧಣಿಯ ಕೈ ಮೇಲೇಳಲಿಲ್ಲ. ಮಕ್ಕಳು ಕಿಸಿಕಿಸಿ ನಗತೊಡಗಿದರು. ಅರುಣಾ ತನ್ನ ಶಾಲಿನ ಜರಿ ನೋಡುತ್ತ ಕೂತಳು.

"ಏನು ಚನ್ನಬಸವರಾಜ್, ನಿಮಗೂ ಕ್ಲಾಸ್ ಬೇಕಾ?" ಸಾಹೇಬರು ನಗುತ್ತ ಸೀಮೆಸುಣ್ಣವನ್ನು ತಾವೇ ತೆಗೆದುಕೊಂಡು, ಬಲತುದಿಯಿಂದ ಎರಡು ಅಂಕಿ ಎಣಿಸಿ ಚುಕ್ಕಿ ಇಟ್ಟರು. 29.25. "ಸರಿಯಾದ ಉತ್ತರ! ಚಪ್ಪಾಳೆ!"

ಚಪ್ಪಾಳೆ ಬಿತ್ತು.

"ಎಲ್ಲಿಂದ ತಗೊಂಡಿರಮ್ಮ ಈ ಸಂಖ್ಯೆಗಳನ್ನ?"

ಮೈಕು ಅವಳ ಮುಂದೆಯೇ ಇತ್ತು. "ನಮ್ಮ ಸುಡುಗಾಡು ಸಾಹೇಬ್ರ. ಆರೂವರಿ ಹಗ್ಗ ಉದ್ದ, ನಾಲ್ಕೂವರಿ ಹಗ್ಗ ಅಗಲ. ಹಗ್ಗಕ್ಕ ಹಗ್ಗ ಒಂದು ಸೆಂಟು. ಬೋರ್ಡಿನ್ಯಾಗ ಐವತ್ತು ಐತಿ, ನೆಲದಾಗ ನೀವು ಈಗ ಚುಕ್ಕಿ ಇಟ್ರಲ್ಲ, ಅಷ್ಟ ಐತಿ. ಉಳಿದದ್ದು ಧಣೇರ ಕಣದ ಕೆಳಗೈತಿ. ಸೋಮವಾರ ನನ್ನ ಗಂಡನ್ನೂ ಹಾಕ್ತಾರ."

ಸಾಹೇಬರು ಬೆರಳಿಗೆ ಹತ್ತಿದ ಸುಣ್ಣ ಒರೆಸಿಕೊಂಡರು, ಬಹಳ ಹೊತ್ತು.

"ನೋಡಮ್ಮ, ಹಗ್ಗದ ಅಳತೆ ಸರ್ಕಾರದಲ್ಲಿ ನಡೆಯಲ್ಲ. ಸರ್ವೆ ಆಗಬೇಕು. ಮೇಲಾಗಿ ಅದು ನಮ್ಮ ಇಲಾಖೆ ಅಲ್ಲ. ಅರ್ಜಿ ಕೊಡಿ, ಸಂಬಂಧಪಟ್ಟವರು ನೋಡ್ತಾರೆ."

"ಗುಣಾಕಾರ ಸರಿ ಐತಲ್ರೀ?"

"ಗುಣಾಕಾರ ಸರಿ ಇದೆ. ಗುಣಾಕಾರ ತುಂಬಾ ಚೆನ್ನಾಗಿದೆ." ಅವರು ಪ್ರಮಾಣಪತ್ರ ಕೊಟ್ಟರು. ಊರು ಸಂಪೂರ್ಣ ಸಾಕ್ಷರವಾಯಿತು. ಫೋಟೋದಲ್ಲಿ ಹಲಗೆ ಬರದ ಹಾಗೆ ನೋಡಿಕೊಂಡರು.

ಸೀರೆ ವಾಪಸು ಕೊಡುವಾಗ ಧಣಿ ಸುಂಕಮ್ಮನ ಪಕ್ಕಕ್ಕೆ ಬಂದ. ಬೈಯಲಿಲ್ಲ. "ಸೋಮವಾರ ಅಲ್ಲ," ಎಂದ ಮೆಲ್ಲಗೆ. "ನಾಳೆ ಹೊತ್ತು ಹುಟ್ಟೂದಕ್ಕ."

*

ಭಾನುವಾರ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿತ್ತು. ಗುಂಡಿಗಳ ಮೇಲಿನ ಕಲ್ಲುಗಳನ್ನೆಲ್ಲ ಕಿತ್ತು ಒಂದು ಕಡೆ ಗುಡ್ಡೆ ಹಾಕಿದ್ದರು. ಯಾವುದು ಯಾರ ಕಲ್ಲು ಎಂದು ತಿಳಿಯುವಂತಿರಲಿಲ್ಲ. ಆಂಧ್ರದ ಕಡೆಯ ಮೇಸ್ತ್ರಿಯ ಜನ ಗೆರೆಯವರೆಗೂ ಬೂದು ಬಣ್ಣದ ಕೆಸರು ಸುರಿದು, ಹಲಗೆ ಎಳೆದು ಸಮ ಮಾಡಿ, ಬೀಡಿ ಹಚ್ಚಿದ್ದರು. ಅದು ಹಸಿ ಇತ್ತು, ಹೊಳೆಯುತ್ತಿತ್ತು. ನೀರು ಕಟ್ಟಿ ಹದ ಮಾಡಿದ ಗದ್ದೆಯ ಹಾಗೆಯೇ ಕಾಣುತ್ತಿತ್ತು.

ನಾವು ಕೂಲಿಗೆ ಹೊರಟವರು. ಧಣಿಯ ಸಸಿಯ ಕಟ್ಟುಗಳು ನಮ್ಮ ತಲೆಯ ಮೇಲಿದ್ದವು.

ಸುಂಕಮ್ಮ ಕಟ್ಟು ಇಳಿಸಿದಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕಾಂಕ್ರೀಟಿಗೆ ಇಳಿದಳು. ಪಾದ ಹೂತಿತು. ಬಗ್ಗಿ ಒಂದು ಸಸಿ ನೆಟ್ಟಳು. ಪಕ್ಕದಲ್ಲಿ ಇನ್ನೊಂದು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು.

"ಏಮ್ಮಾ! ಏಂಟಮ್ಮಾ ಇದಿ! ಪಿಚ್ಚಾ ಏಂಟಿ?" ಮೇಸ್ತ್ರಿ ಬೀಡಿ ಎಸೆದು ಓಡಿ ಬಂದ.

"ಹುಚ್ಚೇನಿಲ್ಲಪ್ಪ, ನಾಟಿ," ಎಂದು ದೊಡ್ಡಬಸಮ್ಮ ಇಳಿದಳು. "ಧಣಿ ಹೊಲಾ, ಧಣಿ ಸಸಿ. ನಿನ್ಗೇನು ಸಂಕ್ಟ?"

ಅನಿತಾ ಇಳಿದಳು. ನಾವೆಲ್ಲ ಇಳಿದೆವು. ಸಾಲು ಹಿಡಿದೆವು. ಬಗ್ಗಿದ ಮೇಲೆ ಕೈಗಳಿಗೆ ಹೇಳಿಕೊಡಬೇಕಾದದ್ದು ಏನೂ ಇರಲಿಲ್ಲ. ಗದ್ದೆಯ ಕೆಸರು ಬೆರಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಇದು ಬೆರಳನ್ನು ಕಚ್ಚಿತು. ಸ್ವಲ್ಪ ಹೊತ್ತಿಗೆ ಉರಿ ಶುರುವಾಯಿತು, ಉಗುರಿನ ಸಂದಿಯಲ್ಲಿ, ಕಾಲ್ಬೆರಳ ಸಂದಿಯಲ್ಲಿ. ಜಲ್ಲಿ ತಾಗಿ ಚರ್ಮ ಹರಿಯಿತು.

ಯಾರೋ ಹೇಳಿಕಳಿಸಿದ್ದರು. ಧಣಿಯ ಕಾರು ಬಂತು.

"ಗಾದ್ಯಾ! ಏನ್ ನೋಡ್ತೀಲೇ ಬೋಳಿಮಗನ! ಎಳದು ಹೊರಗ ಹಾಕು ಅವ್ರನ್ನ!"

ಗಾದಿಲಿಂಗ ಗೋದಾಮಿನ ಬಾಗಿಲಿನಿಂದ ಬಂದ. ಕಾಂಕ್ರೀಟಿನ ಅಂಚಿನಲ್ಲಿ ನಿಂತು ತನ್ನ ಅತ್ತಿಗೆಯನ್ನು ನೋಡಿದ. ಅವಳ ಕೈಯಲ್ಲಿದ್ದ ಸಸಿ ಮುಗಿದಿತ್ತು. ಗದ್ದೆಯಲ್ಲಿ ಹೆಂಗಸರ ಕೈಯ ಸಸಿ ಮುಗಿದಾಗ ಗಂಡಸರು ದಂಡೆಯಿಂದ ಕಟ್ಟು ಎಸೆಯುತ್ತಾರೆ. ಅವನು ಬಗ್ಗಿದ, ಒಂದು ಕಟ್ಟು ಎತ್ತಿಕೊಂಡ, ಗುರಿ ನೋಡಿ ಎಸೆದ. ಅದು ಅವಳ ಕೈಗೆಟುಕುವಷ್ಟು ದೂರದಲ್ಲಿ ಸರಿಯಾಗಿ ಬಿತ್ತು. ಇನ್ನೊಂದು ಎತ್ತಿಕೊಂಡ.

"ಗಾದ್ಯಾ!"

ಅವನು ತಿರುಗಿ ನೋಡಲಿಲ್ಲ.

ಬಿಸಿಲು ಏರುತ್ತಿತ್ತು. ಮೊದಲು ಹಚ್ಚಿದ ಕಡೆ ಆಗಲೇ ಗಟ್ಟಿಯಾಗತೊಡಗಿತ್ತು, ಸಸಿಗಳು ಹಸಿರಾಗಿ ನೆಟ್ಟಗೆ ನಿಂತಿದ್ದವು. ಮೇಸ್ತ್ರಿ ಕಾಲು ತೆಗೆಯಿರೆಂದು ತೆಲುಗಿನಲ್ಲಿ ಬೇಡಿಕೊಳ್ಳುತ್ತಿದ್ದ. ಧಣಿ ಪೊಲೀಸರಿಗೆ ಫೋನು ಹಚ್ಚಿದ್ದ, ಆ ಕಡೆಯವರಿಗೆ ಏನೆಂದು ಹೇಳುವುದೆಂದು ತಿಳಿಯದೆ "ನಾಟಿ, ನಾಟಿ ಹಚ್ಚಾಕತ್ತ್ಯಾರ್ರೀ" ಎಂದು ಕೂಗುತ್ತಿದ್ದ. ನಮ್ಮನ್ನು ಹಿಡಿದೆಳೆಯಬೇಕಾದರೆ ಅವನೇ ಇಳಿಯಬೇಕಿತ್ತು. ಒಂದು ಬೂಟು ಮುಂದಿಟ್ಟ. ಅದು ಮೆತ್ತಗೆ ಒಳಗೆ ಹೋಯಿತು. ಇನ್ನೊಂದನ್ನು ದಂಡೆಯ ಮೇಲೇ ಊರಿ, ಫೋನನ್ನು ಕಿವಿಗೆ ಒತ್ತಿಕೊಂಡು ಹಾಗೆಯೇ ನಿಂತ.

ನಾವು ಬೆನ್ನು ಅವನ ಕಡೆ ಮಾಡಿ, ಹಚ್ಚುತ್ತ, ಹಿಂದಕ್ಕೆ ಹಿಂದಕ್ಕೆ ಅವನತ್ತಲೇ ಬರುತ್ತಿದ್ದೆವು.